ಸಂತೇಬೆನ್ನೂರಿಗೆ ಮೂರನೇ ಮೇಲ್

ನಾನು ಬರೆದ ಮೊದಲ ಮೇಲ್‌ನಲ್ಲಿ ಹದಿನಾಲ್ಕು ಸಾಲುಗಳಿದ್ದವು. ಸೆಲ್ವಿ ಮೇಡಂ ನನ್ನ ಎದುರಿಗೇ ಹನ್ನೊಂದನ್ನು ಅಳಿಸಿದರು. ಉಳಿದ ಮೂರನ್ನು ನನ್ನಿಂದಲೇ ಓದಿಸಿ, "ಪರವಾಯಿಲ್ಲೆ" ಎಂದರು. ಕೊಯಮತ್ತೂರಿನಲ್ಲಿ ಅದು ಹೊಗಳಿಕೆ ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಹೊನ್ನಾಳಿಯಲ್ಲಿ ತಾಲ್ಲೂಕು ಕಚೇರಿಯ ಎದುರು ಹದಿನೆಂಟು ವರ್ಷ ಅರ್ಜಿ ಟೈಪ್ ಮಾಡಿಕೊಟ್ಟವಳು ನಾನು. ಮೊದಲು ಮಷಿನ್ನಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಅರ್ಜಿಯಲ್ಲಿ ಕೇಳುವವನು ಎಷ್ಟು ಬಾಗಿದರೂ ಸಾಲದು. "ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿ, ಬೇಕಾದ್ದನ್ನು ಕೊನೆಯ ಸಾಲಿಗೆ ಮೆಲ್ಲಗೆ ತರಬೇಕು. ಇಲ್ಲಿ ನೀರೆತ್ತುವ ಮೋಟಾರ್ ಮಾಡುವ ಕಂಪನಿಯಲ್ಲಿ ಕರ್ನಾಟಕದ ಅಂಗಡಿಗಳಿಗೆ ಕನ್ನಡದಲ್ಲಿ ಮೇಲ್ ಬರೆಯುವುದು ನನ್ನ ಕೆಲಸ. ಸೆಲ್ವಿ ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ. ಹೊಸೂರು ಕಡೆಯವರಾದ್ದರಿಂದ ಕನ್ನಡ ಬಲ್ಲರು.

"ಇವರು ತಹಸೀಲ್ದಾರ್ ಅಲ್ಲ, ಜರೀನಾ," ಎಂದಿದ್ದರು. "ಅಂಗಡಿಯವರು. ಎದುರಿಗೆ ಗಿರಾಕಿ ನಿಂತಿರ್ತಾರೆ. ಯಾಕೆ ಬರೆದೆ ಅಂತ ಮೊದಲ ಸಾಲಲ್ಲೇ ಹೇಳಿಬಿಡು. ಒಂದು ಪತ್ರದಲ್ಲಿ ಒಂದೇ ಮಾತು ಕೇಳು. ಬೇಡ ಅನ್ನೋದಕ್ಕೂ ಅವರಿಗೆ ದಾರಿ ಬಿಡು."

ನನ್ನ ಗಂಡ ಅನ್ವರ್ ಹೊನ್ನಾಳಿಯಲ್ಲಿ ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದರು. ಒಂದು ದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಕುಸಿದವರು ಏಳಲಿಲ್ಲ. ಅವರ ಮರಣ ಪ್ರಮಾಣಪತ್ರದ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಒಂದಕ್ಷರವೂ ತಪ್ಪಿರಲಿಲ್ಲ. ಗಂಡ ತೀರಿದವಳು ಪಾಲಿಸುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇದ್ದು ಮುಗಿಸಿದ ಮೇಲೆ, ಕೊಯಮತ್ತೂರಿನಲ್ಲಿ ಬೇಕರಿ ಇಟ್ಟಿರುವ ಅಣ್ಣ ಇಲಿಯಾಸ್ ಬಂದು, "ನಡಿ, ನಮ್ಮ ಜೊತೆ ಇರು" ಎಂದ. ನಡೆದೆ. ಬರುವುದಿಲ್ಲ ಎನ್ನಲು ಬೇಕಾದಷ್ಟು ಹಟವೂ ನನ್ನಲ್ಲಿ ಉಳಿದಿರಲಿಲ್ಲ.

ಅಣ್ಣನದು ಸಾಲು ಮನೆಗಳಲ್ಲಿ ಕೊನೆಯದು. ಐದು ಮನೆಗೆ ಒಂದು ನಲ್ಲಿ. ನೀರು ಮಾತ್ರ ಸಕ್ಕರೆ ಹಾಕಿದಷ್ಟು ಸಿಹಿ ಎನ್ನುತ್ತಿದ್ದ ಅಣ್ಣ. ಅಕ್ಕಿ ಕುಸುಬಲಕ್ಕಿ. ಬಾಯಲ್ಲಿ ಉರುಳಾಡುತ್ತಿತ್ತು, ನುಂಗುತ್ತಿದ್ದೆ. ಸಂಜೆ ನಮ್ಮೂರಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುವ ಹೊತ್ತಿಗೆ ಇಲ್ಲಿಯವರು ಬಾಳೆಕಾಯಿ ಬಜ್ಜಿ ತಿನ್ನುತ್ತಾರೆ. ರುಚಿಯಾಗಿರುತ್ತದೆ ಎನ್ನುತ್ತಾರೆ, ಆಗ ನನಗೆ ಎಲ್ಲವೂ ಒಂದೇ ಆಗಿತ್ತು.

ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಸಾಪ್ಟಾಚ್ಚಾ?" ಊಟ ಆಯಿತೇ ಎಂದರ್ಥ. ಹೊನ್ನಾಳಿಯಲ್ಲಾದರೆ ಎದುರು ಸಿಕ್ಕವರೆಲ್ಲ ಅನ್ವರ್ ಹೇಗೆ ಹೋದರು, ಆಗ ಯಾರಿದ್ದರು, ಏನಂದರು ಎಂದು ಕೇಳಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಇಲ್ಲಿ ತಲೆಯಾಡಿಸಿದರೆ ಸಾಕು. ಅದು ನನಗೆ ಹಿತವಾಗಿತ್ತು. ಹಾಗೆಯೇ ತಿಂಗಳುಗಳು ಕಳೆದವು.

ಕೆಲಸ ಕೈಗೆ ಹತ್ತಿದ ಮೇಲೆ ದಾವಣಗೆರೆ ಕಡೆಯ ಪಟ್ಟಿಯನ್ನು ನನಗೆ ಕೊಟ್ಟರು. ಚನ್ನಗಿರಿ, ನ್ಯಾಮತಿ, ಜಗಳೂರು ಎಂದು ಊರುಗಳು ಒಂದರ ಕೆಳಗೊಂದು ಇದ್ದವು. ಸಂತೇಬೆನ್ನೂರಿನ ಒಂದು ಅಂಗಡಿಯಿಂದ ಎರಡು ಮೇಲ್‌ಗೂ ಉತ್ತರ ಬರಲಿಲ್ಲ. ಮೂರನೆಯದರಲ್ಲಿ ಸ್ವಲ್ಪ ಸಲುಗೆ ಇರಲಿ ಎಂಬುದು ಕಂಪನಿಯ ಪದ್ಧತಿ. "ನಮ್ಮನ್ನು ಮರೆತಿರಾ?" ಎಂದು ಶೀರ್ಷಿಕೆ ಕೊಟ್ಟು ಕಳಿಸಿದೆ.

ಮರುದಿನ ಕಚೇರಿಗೆ ಫೋನ್ ಬಂತು. ಹೆಂಗಸಿನ ದನಿ.

"ಮೋಟ್ರು ಕಂಪ್ನೀನಾ? ಈ ಪತ್ರ ಬರ್ದೋರು ಯಾರ್ರೀ?"

"ನಾನೇ ರೀ, ಹೇಳ್ರಿ."

"ನಮ್ಮ ಯಜಮಾನ್ರನ್ನ ಮರೆತಿರಾ ಅಂತ ಕೇಳೀರಿ. ಅವ್ರು ಹೋಗಿ ಮೂರು ತಿಂಗ್ಳಾತು. ಹೆಂಗೆ ಉತ್ರ ಕೊಡ್ತಾರೆ ಹೇಳ್ರಿ?"

"ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಸಾಲು ನಮ್ಮ ಕಡತದಲ್ಲಿದೆ. ನಾಲಿಗೆಯ ತನಕ ಬಂತು. ನುಂಗಿಕೊಂಡೆ.

"ತಪ್ಪಾತ್ರಿ. ಆ ಹೆಸ್ರು ತೆಗೆದುಬಿಡ್ತೀನಿ."

"ಅಯ್ಯೋ, ಅಂಗಡೀನೇ ತೆಗೀಬ್ಯಾಡ್ರಿ! ಅದಕ್ಕೇ ಫೋನ್ ಮಾಡಿದ್ದು. ಈಗ ನಾನು ಕುಂತೀನಿ ಅಂಗ್ಡೀಲಿ. ಸುದ್ದಿ ಗೊತ್ತಾಗಿದ್ದೇ ಬ್ಯಾರೆ ಕಂಪ್ನಿಯೋರು ಬರಾದು ಬಿಟ್ರು. ನೀವೊಬ್ರೇ ಬರೀತಿರೋದು. ಇನ್ನು ಮ್ಯಾಲೆ ಗೌರಮ್ಮ ಅಂತ ನನ್ನ ಹೆಸ್ರಿಗೆ ಬರೀರಿ." ಆಮೇಲೆ, "ನೀವು ನಮ್ಮ ಕಡೆಯೋರಂಗೆ ಮಾತಾಡ್ತೀರಲ್ರೀ?" ಎಂದರು.

"ಹೊನ್ನಾಳಿ ರೀ."

"ಹೌದಾ! ಅಲ್ಲಿ ವೈಂಡಿಂಗ್ ಅನ್ವರಣ್ಣ ಅಂತ ಅದಾರಲ್ಲ, ಮೊದ್ಲು ಸುಟ್ಟ ಮೋಟ್ರೆಲ್ಲ ನಮ್ಮೋರು ಅವ್ರ ಹತ್ರಾನೇ ಕಳಿಸೋರು. ಹೆಂಗದಾರ್ರೀ?"

ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟೆ.

"ಅವ್ರು ನಮ್ಮನೆಯೋರೇ ರೀ. ಹೋದ್ರು. ವರ್ಷ ಆಗ್ತಾ ಬಂತು."

ಈ ಊರಿಗೆ ಬಂದ ಮೇಲೆ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಳು ಬರಲಿಲ್ಲ. ಫೋನಿನಲ್ಲಿ ಗೌರಮ್ಮನ ಅಂಗಡಿಯ ಸದ್ದು ಕೇಳುತ್ತಿತ್ತು. ಯಾರೋ ಪೈಪಿನ ಅಳತೆ ಕೇಳುತ್ತಿದ್ದರು. ಅವರಿಗೆ ಅಳತೆ ಹೇಳಿ ಮುಗಿಸಿ ಗೌರಮ್ಮ, "ಹಂಗಾದ್ರೆ ನಿಮ್ಗೆ ಬಿಡಿಸಿ ಹೇಳಾದು ಬ್ಯಾಡ ಬಿಡ್ರಿ," ಎಂದರು.

ಸೆಲ್ವಿ ಮೇಡಂಗೆ ಎಲ್ಲ ಹೇಳಿದೆ. "ಪಾವಂ," ಎಂದರು, ಪಾಪ ಎಂದು. ಆದರೆ ಸಂತೇಬೆನ್ನೂರಿನ ಅಂಗಡಿಗಿದ್ದ ಆ ಭಾಗದ ಏಜೆನ್ಸಿಯನ್ನು ಚನ್ನಗಿರಿಯ ದೊಡ್ಡ ಅಂಗಡಿಗೆ ಕೊಡುವ ಮಾತು ಆಗಲೇ ಮೇಲಿನವರಲ್ಲಿ ನಡೆದಿತ್ತಂತೆ. "ಮೋಟಾರ್ ವ್ಯಾಪಾರ, ಜರೀನಾ. ಆ ಅಮ್ಮನ ಕೈಲಿ ಆಗುತ್ತಾ?"

"ನಿಮ್ಮ ಕೈಲಿ ಆಗ್ತಿಲ್ವಾ ಮೇಡಂ?" ಎಂದೆ. ನನಗೇ ಆಶ್ಚರ್ಯವಾಯಿತು.

ಅವರು ನಗಲಿಲ್ಲ. "ಮ್ಯಾನೇಜರಿಗೆ ನೀನೇ ಬರಿ," ಎಂದರು.

ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು. ಗೌರಮ್ಮನ ದುಃಖದ ಬಗ್ಗೆ ಬರೆದು ಅಳಿಸಿದೆ. ನನ್ನ ಬಗ್ಗೆ ಬರೆದು ಅದನ್ನೂ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: "ಸಂತೇಬೆನ್ನೂರಿನ ಅಂಗಡಿ ಮುಚ್ಚಿಲ್ಲ. ಈಗ ನಡೆಸುತ್ತಿರುವವರು ಗೌರಮ್ಮ; ನಮ್ಮ ಪತ್ರಕ್ಕೆ ಅವರೇ ಫೋನ್ ಮಾಡಿ ಉತ್ತರಿಸಿದ್ದಾರೆ. ಏಜೆನ್ಸಿಯನ್ನು ಅವರ ಹೆಸರಿನಲ್ಲಿ ಮುಂದುವರಿಸಬೇಕೆಂದು ಕೋರುತ್ತೇನೆ." ಸೆಲ್ವಿ ಮೇಡಂ ಅದನ್ನು ಇಂಗ್ಲಿಷಿಗೆ ತಿರುಗಿಸಿ, ತಾವಾಗಿ ಒಂದು ಸಾಲು ಸೇರಿಸಿದರು: "ಆ ಕಡೆ ಹೋದಾಗ ನಾನೇ ನೋಡಿ ಬರುತ್ತೇನೆ."

ಒಂದು ಬೇಸಿಗೆಯ ಮಟ್ಟಿಗೆ ಎಂದು ಒಪ್ಪಿಗೆ ಸಿಕ್ಕಿತು. ಸಂತೋಷವಾಗಬೇಕಿತ್ತು. ಗೌರಮ್ಮನಿಗೆ ಫೋನ್ ಮಾಡಿ ತಿಳಿಸಿದೆ, ಟೀ ಕುಡಿದೆ, ಜಗಳೂರಿನ ಅಂಗಡಿಗೆ ಬರೆಯಬೇಕಾದ ಮೇಲ್ ತೆಗೆದುಕೊಂಡು ಕೂತೆ. ಆದರೆ ಆ ದಿನದ ಟೀಗೆ ಸಕ್ಕರೆ ಹೆಚ್ಚಾದದ್ದು ನಾಲಿಗೆಗೆ ಗೊತ್ತಾಯಿತು ಎಂಬುದು ನನಗೆ ನೆನಪಿದೆ.

ಮುಂದಿನ ವಾರ ಹೊನ್ನಾಳಿಯಲ್ಲಿ ಅನ್ವರ್ ಅವರ ವರ್ಷದ ಫಾತಿಹಾ ಪ್ರಾರ್ಥನೆ. ಈಗಷ್ಟೇ ಎರಡು ಮೇಲ್ ಕಳಿಸಿದೆ. ರಜೆ ಕೇಳಿ ಸೆಲ್ವಿ ಮೇಡಂಗೆ ಬರೆದದ್ದು: "ಊರಿಗೆ ಹೋಗಿ ಬರುತ್ತೇನೆ." ಅಂಗಡಿ ನೋಡಲು ಕರೆದಿದ್ದ ಗೌರಮ್ಮನಿಗೆ ಬರೆದದ್ದು: "ಊರಿಗೆ ಬಂದು ಹೋಗುತ್ತೇನೆ." ಕಳಿಸಿದ ಮೇಲೆ ಎರಡನ್ನೂ ತೆರೆದು ಇನ್ನೊಮ್ಮೆ ಓದಿದೆ. ತಿದ್ದುವಂಥದ್ದು ಯಾವುದರಲ್ಲೂ ಇರಲಿಲ್ಲ.