ಕಬ್ಬಿನ ಸುತ್ತ ನಿಂತವರು

ನಮ್ಮ ಗುಂಪಿನಲ್ಲಿ ಪ್ರತಿದಿನ ಬೆಳಿಗ್ಗೆ ಯಾರಾದರೊಬ್ಬರ ಚರ್ಮ ಸುಲಿಯಲಾಗುತ್ತಿತ್ತು. ಸುಲಿಯುವುದು ಮೊಬೈಲಿನ ಪರದೆಯ ಮೇಲೆ ಮಾತ್ರ, ನಿಜ. ಆದರೂ ಸುಲಿಸಿಕೊಂಡವನು ಊಟ ಸೇರದೆ ಮುಖ ಕಪ್ಪಿಟ್ಟುಕೊಂಡು ತಿರುಗುವುದನ್ನು ನಾನು ಕಂಡಿದ್ದೇನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆಯ ಓದುವ ಹವ್ಯಾಸದವರನ್ನು ಸೇರಿಸಿ ಜಮಖಂಡಿಯ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರು ಕಟ್ಟಿದ ವಾಟ್ಸ್‌ಆ್ಯಪ್ ಗುಂಪು ಅದು. ಪುಸ್ತಕದ ಮಾತಿಗೆಂದು ಶುರುವಾದದ್ದು ಬಹಳ ಬೇಗ ಟಿವಿ ವಾಹಿನಿಗಳ ಸುಳ್ಳು, ಕಬ್ಬಿಗೆ ಔಷಧ ಹೊಡೆಯುವ ಡ್ರೋನು, ಯಂತ್ರವೇ ಬರೆದುಕೊಡುವ ಚಿತ್ರಗಳು, ದೂರದ ಯುದ್ಧಗಳು ಇವುಗಳ ಕಡೆಗೆ ಹೊರಳಿತು. ಪುಸ್ತಕದ ಹೆಸರೆತ್ತಿದವನನ್ನು ಎಲ್ಲರೂ ಅನುಮಾನದಿಂದ ನೋಡುವ ಕಾಲವೂ ಬಂತು.

ನಾನು ಬನಹಟ್ಟಿಯವನು. ಶಾಲೆ ನಾಲ್ಕನೆಯ ಇಯತ್ತೆಗೇ ಮುಗಿಯಿತು. ಆಮೇಲೆ ಕಲಿತದ್ದೆಲ್ಲ ಮಗ್ಗದ ಶೆಡ್ಡಿನಲ್ಲಿ, ನೂಲಿನ ಗಂಟುಗಳಿಗೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಓದುತ್ತ. ಆ ಹಾಳೆಗಳು ಎಂದೂ ಇಡಿಯಾಗಿ ಸಿಗುತ್ತಿರಲಿಲ್ಲ. ಒಂದು ಸುದ್ದಿಯ ತಲೆ ಸಿಕ್ಕರೆ ಅದರ ಬಾಲ ಬೇರೊಂದು ಗಂಟಿನ ಜೊತೆ ಬೇರೊಂದು ಶೆಡ್ಡಿಗೆ ಹೋಗಿರುತ್ತಿತ್ತು. ಹರಿದುಹೋದ ಭಾಗದಲ್ಲಿ ಏನಿತ್ತು ಎಂದು ಕೇಳುವ ಚಾಳಿ ನನಗೆ ಅಂಟಿದ್ದು ಅಲ್ಲಿಂದ. ಹೀಗಾಗಿ ಗುಂಪಿನಲ್ಲಿ ಯಾವ ಸುದ್ದಿ ಬಂದರೂ ನಾನು ಬರೆಯುತ್ತಿದ್ದದ್ದು ಒಂದೇ ಸಾಲು: “ಯಾರ ನೋಡ್ಯಾರ?” ಕ್ರಮೇಣ ಅದೇ ನನ್ನ ಹೆಸರಾಯಿತು.

ನಮ್ಮ ಓಣಿಯ ನೂಲಿನ ವ್ಯಾಪಾರಿಯೂ ಗುಂಪಿನಲ್ಲಿದ್ದ. ದಿನವೂ ನನ್ನ ಜೊತೆ ಚಹಾ ಕುಡಿಯುವವನು, ಗುಂಪಿನೊಳಗೆ ಕಾಲಿಟ್ಟರೆ ನನ್ನ ಗಂಟಲಿಗೇ ಬೀಳುವವನು.

“ಕಾಕಾ, ಹೊತ್ತ ಮೂಡಿದ್ದನ್ನೂ ನೀವು ಹೋಗಿ ನೋಡಿ ಬಂದ ಮ್ಯಾಲೇ ಮುಂಜಾನಿ ಆತು ಅಂತೀರೇನ್ರೀ?” ಎಂದು ಒಮ್ಮೆ ಕೇಳಿದ.

“ಮೋಡ ಕವದ ದಿನಾ ಹೌದಪಾ, ನೋಡೇ ಅಂತೀನಿ,” ಎಂದೆ.

ಗುಂಪಿನಲ್ಲಿ ಹೆಚ್ಚು ಬರೆಯದ ಸದಸ್ಯರೂ ಇದ್ದರು. ಅವರಲ್ಲೊಬ್ಬ ಬೀಳಗಿ ತಾಲೂಕಿನ ರೈತ. ಗಲಗಲಿಯ ಆಚೆ, ಕೃಷ್ಣೆಯ ದಂಡೆಗೆ ಅವನ ಹೊಲ. ಹಿಂದಿನ ಚಳಿಗಾಲದಲ್ಲಿ ಅವನು ನಮ್ಮೆಲ್ಲರನ್ನು ಸೀತನಿ ತಿನ್ನಲು ಕರೆದಿದ್ದ. ಹೊಲದ ಮನೆಯ ಮುಂದೆ ಕುಳ್ಳು ಉರಿಸಿ ಹಸಿ ಜೋಳದ ತೆನೆಗಳನ್ನು ಸುಟ್ಟಿದ್ದರು. ಸುಟ್ಟವನು ಅವನ ಕಬ್ಬು ಕಡಿಯಲು ಪ್ರತಿ ಹಂಗಾಮಿನಲ್ಲೂ ಬರುವ ತಂಡದ ಮುಂದಾಳು. ಅವನನ್ನು ಎಲ್ಲರೂ ಮುಕಾದಮ ಎನ್ನುತ್ತಿದ್ದರು. ಬೆಂಕಿಯಿಂದ ತೆಗೆದ ತೆನೆಯನ್ನು ಬರಿಗೈಯಲ್ಲೇ ತಿಕ್ಕಿ, ಹೊಟ್ಟು ಊದಿ, ಬಿಸಿ ಕಾಳನ್ನು ನಮ್ಮ ಅಂಗೈಗಳಿಗೆ ಸುರಿಯುತ್ತಿದ್ದ. ಮಾಸ್ತರರು “ಸುಡೂದಿಲ್ಲೇನೋ ನಿನಗ?” ಎಂದರೆ ಅವನು ಕೈ ತಿರುಗಿಸಿ ತೋರಿಸಿ ನಕ್ಕಿದ್ದ. ಕಬ್ಬು ಕಡಿದು ಕಡಿದು ಆ ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು.

ಮರುವರ್ಷದ ಹಂಗಾಮಿನಲ್ಲಿ, ಒಂದು ಮಧ್ಯಾಹ್ನ, ಗುಂಪಿಗೆ ಒಂದು ವಿಡಿಯೋ ಬಂತು. ಹತ್ತಿಪ್ಪತ್ತು ಗಂಡಸರು ಬಡಿಗೆ ಹಿಡಿದು, ಕೊಯ್ತಾ ಎಂಬ ಬಾಗಿದ ಕಬ್ಬಿನ ಕತ್ತಿ ಹಿಡಿದು, ಸಾಲಾಗಿ ನಿಂತಿದ್ದಾರೆ. ಮರುಕ್ಷಣಕ್ಕೆ, ಅವರ ಎದುರಿಗೆಂಬಂತೆ, ಒಂದು ಮನೆ. ಯಾರೋ “ಹೊರಗ ಬಂದ್ರ ಬಿಡಬ್ಯಾಡ್ರಿ” ಎನ್ನುವುದು ಕೇಳಿಸುತ್ತದೆ. ಮೇಲೆ ಕೆಂಪಕ್ಷರ: ರೈತನ ಮನೆಗೆ ಕಬ್ಬು ಕಡಿಯುವವರ ಮುತ್ತಿಗೆ, ಮಾಧ್ಯಮಗಳ ಬಾಯಿಗೆ ಬೀಗ. ಹಿನ್ನೆಲೆಯಲ್ಲಿ ಎದೆ ಗುದ್ದುವಂಥ ವಾದ್ಯ. ಯಾವ ಊರೆಂದು ಬರೆದಿರಲಿಲ್ಲ.

ಊರನ್ನು ಕಂಡುಹಿಡಿದವರು ನಾವೇ. ಮಾಸ್ತರರು ಚಿತ್ರವನ್ನು ದೊಡ್ಡದು ಮಾಡಿ ನೋಡಿ ಬರೆದರು: “ನೀಲಿ ಬಾಗಲಾ, ಬಾಜೂಕ ಬೇವಿನ ಗಿಡಾ. ನಾವು ಸೀತನಿ ತಿಂದ ಮನೀನ ಇದು. ನೆರಳೆಲ್ಲಾ ಪರೀಕ್ಷಾ ಮಾಡೇನಿ, ಯಂತ್ರ ಮಾಡಿದ್ದಲ್ಲ. ಖರೆ ಐತಿ.” ಮುಧೋಳದ ಸದಸ್ಯನೊಬ್ಬ, ಟಿವಿಯಲ್ಲಿ ಕೂಗಾಡುವವರನ್ನು ಬೈಯುವುದರಲ್ಲಿ ಅವರಿಗಿಂತ ಜೋರಾಗಿ ಕೂಗುವವನು, ಧ್ವನಿಸಂದೇಶ ಕಳಿಸಿದ: “ನಡುವ ನಿಂತಾಂವ ಆ ಮುಕಾದಮನ. ಉಂಡ ಮನೀಗೆ ಕತ್ತಿ ಹಿಡದಾನ. ಆ ಕೈ ಮುರದ ಒಗೀಬೇಕು.” ಅದರ ಕೆಳಗೆ ಹೆಬ್ಬೆರಳುಗಳ ಸಾಲು ಬೆಳೆಯತೊಡಗಿತು. ಯಾರ ಯಾರ ಹೆಬ್ಬೆರಳೆಂದು ಒತ್ತಿ ನೋಡಿದೆ. ಮಾಸ್ತರರದ್ದೂ ಇತ್ತು.

ನಾನು “ಯಾರ ನೋಡ್ಯಾರ?” ಎಂದು ಬರೆದೆ. ನಗುವ ಮುಖಗಳು ಬಂದವು. ರೈತನಿಗೆ ಫೋನು ಮಾಡಿದೆ; ಗಂಟೆ ಹೊಡೆದು ಹೊಡೆದು ನಿಂತಿತು. ಎತ್ತಲಿಲ್ಲ ಎಂದು ಬರೆದದ್ದೇ ತಡ, ಅದೇ ಹೊಸ ಸಾಕ್ಷಿಯಾಯಿತು. “ಎತ್ತವಲ್ಲ ಅಂದ್ರ ಆತು ಅವನ ಕಥಿ” ಎಂದ ಒಬ್ಬ. ಇನ್ನೊಬ್ಬ ಊರಿನ ಹೆಸರು, ಮನೆಯ ಗುರುತು ಎಲ್ಲವನ್ನೂ ಸೇರಿಸಿ ತನಗೆ ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದೆನೆಂದು ಹೆಮ್ಮೆಯಿಂದ ತಿಳಿಸಿದ.

ವ್ಯಾಪಾರಿ ಬೈಕು ತಂದು ನನ್ನ ಬಾಗಿಲಿಗೆ ನಿಲ್ಲಿಸಿದ. “ಹತ್ರಿ ಕಾಕಾ. ಇವತ್ತ ನಿಮ್ಮ ಕಣ್ಣಿಗೇ ತೋರಸ್ತೀನಿ. ಹೆಣಾ ನೋಡಿದ ಮ್ಯಾಲರೆ ಬಾಯಿ ಮುಚ್ಚತೀರೋ ಇಲ್ಲೋ.”

“ಹೆಣಾ ಇರಲಿಕ್ಕಂದ್ರ ನೀ ಮುಚ್ಚಾಂವೇನು?”

ಅವನು ಗಾಡಿ ಓಡಿಸಿದ. ಜಮಖಂಡಿ ದಾಟುವವರೆಗೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಾದಿ ಬಿಡಲಿಲ್ಲ. ಒಳಗೊಳಗೆ ನನಗೂ ಭಯವಿತ್ತು. ಸಂಶಯ ಪಡುವವನಿಗೆ ಸಂಗತಿ ಗೊತ್ತಿರುತ್ತದೆಂದು ಜನ ತಿಳಿಯುತ್ತಾರೆ. ನನಗೆ ಏನೂ ಗೊತ್ತಿರಲಿಲ್ಲ. ವಿಡಿಯೋದಲ್ಲಿ ಒಂದು ನಾಯಿ ಗಂಡಸರ ಕಾಲ ಬಳಿ ನಾಲಿಗೆ ಚಾಚಿ ಕುಳಿತಿತ್ತು. ಮನೆಗೆ ಮುತ್ತಿಗೆ ಹಾಕಲು ಹೋದವರ ನಾಯಿ ಹಾಗೆ ಕೂರುವುದೇ ಎಂಬುದಷ್ಟೇ ನನ್ನ ಆಧಾರ.

ಹೊಲ ಮುಟ್ಟಿದಾಗ ಅವರು ಹಾಗೆಯೇ ನಿಂತಿದ್ದರು. ಅದೇ ಬಡಿಗೆ, ಅದೇ ಕೊಯ್ತಾ, ಅದೇ ನಾಯಿ. ಆದರೆ ಅವರಿಗೂ ಮನೆಗೂ ನಡುವೆ, ವಿಡಿಯೋದ ನಡುವಿನಿಂದ ಕತ್ತರಿಸಿ ತೆಗೆದಿದ್ದ ಜಾಗದಲ್ಲಿ, ಒಂದು ಅಂಗಳದಷ್ಟು ಕಬ್ಬು ಎದ್ದು ನಿಂತಿತ್ತು.

ವ್ಯಾಪಾರಿ ಬೈಕು ನಿಲ್ಲಿಸಿ ಉಗುಳಿದ. “ಥೂ. ಹಂದಿ ಕಾಯಾಕತ್ತಾರಲ್ರೀ.”

ಕಬ್ಬನ್ನು ನಾಲ್ಕೂ ಕಡೆಯಿಂದ ಒಳಮುಖವಾಗಿ ಕಡಿಯುತ್ತ ಬರುತ್ತಾರೆ. ಒಳಗಿದ್ದ ಕಾಡುಹಂದಿ, ನರಿ, ಮೊಲ ಎಲ್ಲ ಹಿಂದೆ ಹಿಂದೆ ಸರಿದು ಕೊನೆಯ ತುಣುಕಿನಲ್ಲಿ ಸೇರಿಕೊಳ್ಳುತ್ತವೆ. ಆ ತುಣುಕಿಗೆ ಕತ್ತಿ ಇಡುವ ಮೊದಲು ಸುತ್ತ ಬಡಿಗೆ ಹಿಡಿದು ನಿಲ್ಲದಿದ್ದರೆ, ನುಗ್ಗಿ ಬರುವ ಹಂದಿ ಬಗ್ಗಿ ಕಡಿಯುವವರ ತೊಡೆ ಸೀಳಿಬಿಡುತ್ತದೆ. ಈ ನಾಲ್ಕು ತಾಲೂಕಿನಲ್ಲಿ ಹುಟ್ಟಿದವರು ಚಿಕ್ಕವರಿದ್ದಾಗ ಒಮ್ಮೆಯಾದರೂ ಆ ಸುತ್ತಿನಲ್ಲಿ ನಿಂತು ಕೂಗಿದವರೇ. ನಾನು ನಿಂತಿದ್ದೇನೆ, ವ್ಯಾಪಾರಿ ನಿಂತಿದ್ದಾನೆ, ಮಾಸ್ತರರೂ ನಿಂತಿರಲೇಬೇಕು. ಕಬ್ಬು ಕಾಣದೆ ಹೋದದ್ದರಿಂದ ನಮ್ಮದೇ ನಿಲುವು ನಮಗೆ ಗುರುತು ಸಿಗಲಿಲ್ಲ.

ರೈತ ನಗುತ್ತ ಬಂದ. ಮುಂಜಾನೆಯೇ ಸುತ್ತುಗಟ್ಟಿದ್ದರಂತೆ; ಹಂದಿ ಹೊರಬೀಳದೆ, ಉಂಡು ಮತ್ತೆ ನಿಂತಿದ್ದರಂತೆ. ವಿಡಿಯೋ ತೆಗೆದವನು ಅವನೇ. ಬೀಗರಿಗೆ ತೋರಿಸಲು ತಮ್ಮ ಊರಿನ ಗುಂಪಿಗೆ ಹಾಕಿದ್ದ. ಫೋನು ಟ್ರ್ಯಾಕ್ಟರಿನಲ್ಲಿ ಚಾರ್ಜಿಗಿತ್ತು, ಮೇಲೆ ಧ್ವನಿವರ್ಧಕದ ಹಾಡು; ನನ್ನ ಕರೆ ಕೇಳಿಸಿರಲಿಲ್ಲ. ವ್ಯಾಪಾರಿ ತನ್ನ ಮೊಬೈಲು ತೋರಿಸಿದಾಗ ರೈತನ ಮುಖದ ನಗು ಇಳಿಯಿತು. “ಇದರ ನಡುವಿನ ಕಬ್ಬ ಯಾರ ಕೊಯ್ದಾರಲೇ?” ಎಂದ. ಅಷ್ಟರಲ್ಲಿ ರಸ್ತೆಯ ಮೇಲೆ ಬೈಕುಗಳ ಧೂಳು ಎದ್ದಿತು.

ನೆರೆಯೂರಿನ ಗಂಡಸರು. ಗಾಡಿ ನಿಲ್ಲಿಸುವ ಮೊದಲೇ ಹಾರಿಕೊಂಡು ಬಂದರು. ಕೈಯಲ್ಲಿ ಸಲಾಕೆ, ಸೈಕಲ್ ಚೈನು, ಹಾದಿಯಲ್ಲೇ ಕಿತ್ತ ಬೇಲಿಯ ಗೂಟ. ರೈತ ಎರಡೂ ಕೈ ಎತ್ತಿ ಅಡ್ಡ ಹೋದ.

“ಇವ್ರು ನನ್ನ ಆಳ್ರಪಾ. ಹಂದಿ ಹೊರಡಸಾಕ ನಿಂತಾರ.”

“ಅಂಜಬ್ಯಾಡ್ರಿ ಯಜಮಾನ್ರ, ನಾವು ಬಂದೇವಿ,” ಎಂದ ಮುಂದಿನವನು. ಪಕ್ಕದವನು, “ನೋಡ, ಎಷ್ಟ ಅಂಜಿಸ್ಯಾರ. ಹೇಳಿಕೊಟ್ಟಂಗ ಹೇಳಾಕತ್ತಾನ,” ಎಂದ.

ಮುಕಾದಮ ಕೊಯ್ತಾ ಕೆಳಗೆ ಹಾಕಿದ. ಕೈಗಳನ್ನು ಮುಂದೆ ಚಾಚಿ, ಅಂಗೈ ಬಿಚ್ಚಿ ತೋರಿಸಿದ. “ನಾ ಏನ ಮಾಡೇನ್ರೀ ಯಪ್ಪಾ” ಎನ್ನುತ್ತಿದ್ದ. ಸಲಾಕೆ ಅವನ ಬಲ ಮಣಿಕಟ್ಟಿನ ಮೇಲೆ ಬಿತ್ತು. ಒಣ ದಂಟು ಮುರಿದಂಥ ಸಪ್ಪಳ. ಅವನು ಕುಸಿದ. ಕೆಳಗೆ ಬಿದ್ದ ಕೈಯ ಮೇಲೆ ಬೂಟುಗಾಲೊಂದು ನಿಂತು, ಬೀಡಿ ನಂದಿಸುವಂತೆ ತಿರುಗಿತು. “ಇದ ಕೈ ಅಲ್ಲೇನಲೇ? ಇದ ಕೈ ಅಲ್ಲೇನು?” ಮುಧೋಳದವನು ಹೇಳಿದ್ದೇ ಮಾತು, ಅವನನ್ನು ಕಂಡೇ ಇರದ ಬಾಯಿಂದ ಬರುತ್ತಿತ್ತು.

ನಾನು ಕೈಯೆತ್ತಿ ನಡುವೆ ನುಗ್ಗಿದೆ. ಗೂಟದ ಏಟು ಕಿವಿಗೆ ಬಿದ್ದು, ಆ ಕಡೆಯ ಲೋಕವೆಲ್ಲ ಒಮ್ಮೆಗೇ ಮೌನವಾಯಿತು. ನೆಲದಿಂದ ಕಂಡದ್ದಿಷ್ಟು: ನಾಯಿ ಒಬ್ಬನ ಧೋತರ ಹಿಡಿದಿತ್ತು, ಅದರ ತಲೆಯನ್ನು ಚೈನಿನಿಂದ ಒಡೆದರು. ಆಚೆ ಹೊರೆ ಕಟ್ಟುತ್ತಿದ್ದ ಮುಕಾದಮನ ಹೆಂಡತಿ ಓಡಿಬಂದು ಗಂಡನ ಮೇಲೆ ಮಲಗಿದಳು. ಅವಳ ಬೆನ್ನಿಗೂ ಬಿತ್ತು. ವ್ಯಾಪಾರಿ “ನಾವ ನೋಡೇವ್ರೀ, ಸುಳ್ಳ ಐತಿ” ಎಂದು ಅಳುತ್ತಿದ್ದ. ಒಬ್ಬನು ಹೊಡೆಯದೆ, ನೆಲಕ್ಕೆ ಬಿದ್ದವರ ಸುತ್ತ ತಿರುಗುತ್ತ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

ಹೊಡೆತ ನಿಲ್ಲಿಸಿದ್ದು ಹಂದಿ. ಆ ಗದ್ದಲಕ್ಕೆ ತಡೆಯದೆ ಕಬ್ಬನ್ನು ಸೀಳಿಕೊಂಡು ಹೊರಬಿದ್ದು, ಬಂದವರ ನಡುವೆಯೇ ನುಗ್ಗಿ, ಒಬ್ಬನ ಮೀನಖಂಡ ಹರಿದು, ನದಿಯ ಕಡೆಗೆ ಓಡಿತು. ಎಲ್ಲರೂ ಚೆದುರಿದರು. ಸಲಾಕೆ ಹಿಡಿದವನು ಅಲುಗಾಡುವ ಕಬ್ಬನ್ನೂ ಉರುಳಿಬಿದ್ದ ಬಡಿಗೆಗಳನ್ನೂ ನೋಡುತ್ತ ನಿಂತ.

“ಹಂದೀನೇನ್ರೀ?” ಎಂದ, ಯಾರನ್ನೆಂದು ಇಲ್ಲದೆ.

“ಹೂಂ. ಹಂದಿ,” ಎಂದ ರೈತ.

ಮುಕಾದಮನನ್ನು ಜಮಖಂಡಿಯ ಆಸ್ಪತ್ರೆಗೆ ಒಯ್ದೆವು. ಹಾದಿಯುದ್ದಕ್ಕೂ ಹೆಂಡತಿ ಆ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿ, ಹಸುಗೂಸನ್ನು ಹಿಡಿದಂತೆ ಹಿಡಿದಿದ್ದಳು. ಡಾಕ್ಟರರ ಮುಂದೆ ಅವನು ಕೇಳಿದ್ದು ಒಂದೇ ಮಾತು: “ಬಳ್ಳ ಮಡಚಾಕ ಬರ್ತಾವಿಲ್ರೀ?” ಕಬ್ಬಿನ ತಂಡದಲ್ಲಿ ಒಬ್ಬಂಟಿಗೆ ಜಾಗವಿಲ್ಲ. ಗಂಡ ಕಡಿಯಬೇಕು, ಹೆಂಡತಿ ಕಟ್ಟಬೇಕು. ಆ ಜೋಡಿಯನ್ನೇ ಒಂದು ಕೊಯ್ತಾ ಎಂದು ಎಣಿಸುತ್ತಾರೆ. ಅವನ ಬೆರಳು ಮಡಚದಿದ್ದರೆ ಮುಕಾದಮನೂ ಇಲ್ಲ, ಜೋಡಿಯೂ ಇಲ್ಲ. ಡಾಕ್ಟರರು ಪಟ್ಟಿ ಬಿಚ್ಚಿದ ಮೇಲೆ ನೋಡೋಣ ಎಂದರು.

ಸಂಜೆಯ ಹೊತ್ತಿಗೆ ಎರಡನೆಯ ವಿಡಿಯೋ ಬಂತು: ಮುತ್ತಿಗೆ ಹಾಕಿದವರಿಗೆ ಊರವರಿಂದ ಪಾಠ. ಅದರಲ್ಲಿ ಕೈಯೆತ್ತಿದ ನನ್ನ ಸುತ್ತ ಕೆಂಪು ವೃತ್ತ. ಕುಮ್ಮಕ್ಕು ಕೊಟ್ಟವನು ಇವನೇ ಎಂಬ ಬರಹ. ಹಂದಿ ಇರಲಿಲ್ಲ, ಅಲ್ಲಿಗೆ ಮುಟ್ಟುವ ಮೊದಲೇ ಕತ್ತರಿಸಿದ್ದರು. ಮೊದಲನೆಯದು ಸುಳ್ಳಾಗಿದ್ದರೆ ಎರಡನೆಯದು ಯಾಕೆ ನಡೆಯುತ್ತಿತ್ತು ಎಂದು ನಮ್ಮ ಗುಂಪಿನಲ್ಲಿ ತರ್ಕ ಹುಟ್ಟಿತು. ಕಿವಿಗೆ ಹತ್ತಿಯಿಟ್ಟುಕೊಂಡು ನಾನು ನಡೆದದ್ದನ್ನೆಲ್ಲ ಬರೆದೆ. ಮುಧೋಳದವನು ಉತ್ತರಿಸಿದ: “ಒಬ್ರು ಹೇಳಿದ್ದನ್ನ ನಂಬಬ್ಯಾಡ್ರಿ ಅಂತ ನೀವ ಕಲಸೀರಿ ಕಾಕಾ. ಯಾರ ನೋಡ್ಯಾರ?”

“ನಾ ನೋಡೇನಿ.”

“ಅದನ್ನ ಯಾರ ನೋಡ್ಯಾರ?”

ವ್ಯಾಪಾರಿ ತಾನೂ ಕಂಡೆನೆಂದ. ಇಬ್ಬರೂ ಒಂದೇ ಓಣಿಯವರೆಂದರು. ರೈತ ಬರೆದ. ಅವನ ಫೋನು ಯಾರ ಕೈಯಲ್ಲಿದೆಯೋ ಎಂದರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಪ್ರಕರಣ ಇನ್ನೂ ನಡೆದಿದೆ. ನನ್ನ ಪ್ರಶ್ನೆಯನ್ನು ನನ್ನ ಮೇಲೇ ಎಸೆದರೆಂದು ನಾನದನ್ನು ಬಿಟ್ಟುಕೊಟ್ಟಿಲ್ಲ, ಗುಂಪನ್ನೂ ಬಿಟ್ಟಿಲ್ಲ. ಪ್ರಶ್ನೆ ಕೇಳಿ ಮನೆಯಲ್ಲಿ ಕೂರುವವನದ್ದು ಸಂಶಯವಲ್ಲ, ಸೋಮಾರಿತನ ಎಂದು ಬರೆದೆ. ಪಟ್ಟಿ ಬಿಚ್ಚುವ ದಿನ ತಿಳಿಸಿ, ಬರುವವರು ಬನ್ನಿ ಎಂದೆ.

ಬಂದವರು ಮಾಸ್ತರರೊಬ್ಬರೇ.

ಆಸ್ಪತ್ರೆಯಿಂದ ನೇರ ಹೊಲಕ್ಕೆ ಹೋದೆವು. ತಂಡ ಹಂಗಾಮು ಮುಗಿಸದೆ ಊರಿಗೆ ಮರಳಿತ್ತು, ಗಂಡಹೆಂಡತಿ ಮಾತ್ರ ಉಳಿದಿದ್ದರು. ಆ ಕೊನೆಯ ತುಣುಕು ಕಬ್ಬು ಹಾಗೆಯೇ ನಿಂತು, ಗರಿ ಒಣಗಿತ್ತು. ಮುಕಾದಮ ಕೊಯ್ತಾ ಎತ್ತಿಕೊಂಡ. ಹೆಬ್ಬೆರಳು, ತೋರುಬೆರಳು ಹಿಡಿಗೆ ಸುತ್ತಿಕೊಂಡವು. ಉಳಿದ ಮೂರು ಅರ್ಧಕ್ಕೇ ನಿಂತವು. ಹೆಂಡತಿ ಒಂದು ಅರಿವೆ ಹರಿದು, ಅಂಗೈಗೂ ಹಿಡಿಗೂ ಸೇರಿಸಿ ಬಿಗಿದು ಕಟ್ಟಿದಳು. ಅವನು ಬಗ್ಗಿ ಬೀಸಿದ. ಕತ್ತಿ ಕೈಯೊಳಗೇ ಹೊರಳಿ ಕಬ್ಬಿನ ಸಿಪ್ಪೆಯನ್ನಷ್ಟೇ ಕೆತ್ತಿತು. ಮತ್ತೆ ಬೀಸಿದ. ಮತ್ತೆ ಹಾಗೆಯೇ. ಅವಳು ಕಟ್ಟು ಬಿಚ್ಚಿ, ಕೊಯ್ತಾ ತಾನು ತೆಗೆದುಕೊಂಡು, ಬುಡಕ್ಕೆ ಹಾಕಿದಳು. ಕಬ್ಬು ಬಿತ್ತು. ಅವನು ಎಡಗೈಯಿಂದಲೂ ಹಲ್ಲಿನಿಂದಲೂ ಹೊರೆ ಕಟ್ಟತೊಡಗಿದ.

ಮಾಸ್ತರರು ಮೊಬೈಲು ತೆಗೆದರು. “ತಂಗೀ, ಒಂದ ಫೋಟೋ ತಗೋಲೇನವಾ? ಗ್ರೂಪಿನವ್ರಿಗೆ ತೋರಸಬೇಕು. ನಂದೂ ತಪ್ಪ ಐತಿ.”

ಅವಳು ತಲೆಯೆತ್ತದೆ ಇನ್ನೊಂದು ಗಳ ಕಡಿದಳು. “ತಗೋರಿ. ಈ ಸಲಾ ಕಬ್ಬೂ ಬರೂ ಹಂಗ ತಗೋರಿ.”

ಮಾಸ್ತರರು ಕೂಳೆಗಳ ಮೇಲೆ ಎಡವುತ್ತ ಹಿಂದೆ ಹಿಂದೆ ಸರಿದರು. ಕಬ್ಬು, ಮನೆ, ಬೇವಿನ ಗಿಡ, ಬಗ್ಗಿದ ಇಬ್ಬರು, ಎಲ್ಲವೂ ಚೌಕಟ್ಟಿನೊಳಗೆ ಬಂದಾಗ ತೆಗೆದರು. ನನ್ನ ಕೈಗೆ ಕೊಟ್ಟರು. ನಾನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಅಷ್ಟು ದೂರದಿಂದ ಆ ಕೈ ಹೇಗಿದೆಯೆಂದು ತಿಳಿಯುತ್ತಿರಲಿಲ್ಲ.