ಕುದುರೆಮುಖದಲ್ಲಿ ಹಾರಿಹೋದ ಕವರ್

ಚಂದ್ರಾ ಲೇಔಟಿನಿಂದ ನಮ್ಮ ಟಿಟಿ ವ್ಯಾನ್ ಹೊರಟಾಗ ಬೆಳಿಗ್ಗೆ ಐದೂವರೆ. ಜೊತೆಗೆ ನನ್ನ ಟ್ಯೂಷನ್ನಿನ ಎಂಟು ಮಕ್ಕಳು, ಎಂಟು ಸ್ಟೀಲ್ ಡಬ್ಬಿ. "ಒಂದು ಪ್ಲಾಸ್ಟಿಕ್ ಕವರ್ ಕಂಡ್ರೂ ಅಲ್ಲೇ ಇಳಿಸಿಬಿಡ್ತೀನಿ" ಎಂದು ಮೊದಲೇ ಹೆದರಿಸಿದ್ದೆ. ಘಾಟಿಯ ತಿರುವುಗಳಲ್ಲಿ ಇಬ್ಬರು ವಾಂತಿ ಮಾಡಿಕೊಂಡರು. ಕಳಸ ಸೇರುವಾಗ ಸಂಜೆಯಾಗಿತ್ತು.

ಮಕ್ಕಳೇ, ಕುದುರೆಮುಖ ಶಿಖರದ ಎತ್ತರ 1,894 ಮೀಟರ್. ಒಂದು ಕಡೆಯಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುತ್ತದಂತೆ. ಹತ್ತುವವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಸುತ್ತಲೂ ರಾಷ್ಟ್ರೀಯ ಉದ್ಯಾನ. ಮರುದಿನ ನಮ್ಮ ಗೈಡ್ ಸುಧಾಕರಣ್ಣ ಹತ್ತುವ ಮೊದಲೇ ಪ್ಲಾಸ್ಟಿಕ್ ಲೆಕ್ಕ ಕೇಳಿದರು. ನಿಧಿಯ ಬ್ಯಾಗಿನಲ್ಲಿ ಎರಡು ಬಿಸ್ಕತ್ ಪ್ಯಾಕೆಟ್ ಸಿಕ್ಕವು. ಎಲ್ಲರೆದುರು ಬೈದೆ. "ಒಟ್ಟು ಮೂರು" ಎಂದು ಬರೆಸಿದೆ. ಮೂರನೆಯದು ನನ್ನ ಬ್ಯಾಗಿನಲ್ಲಿದ್ದ ಕವರ್ ಎಂದು ಹೇಳಲು ಬಾಯಿ ಬರಲಿಲ್ಲ.

ಬೋಳು ಗುಡ್ಡ, ಹಳ್ಳ, ಮತ್ತೆ ಗುಡ್ಡ. ತುದಿ ಮುಟ್ಟಲು ಐದು ಗಂಟೆ ಹಿಡಿಯಿತು. ಅಲ್ಲಿ ಗಾಳಿ ನಿಲ್ಲಗೊಡುತ್ತಿರಲಿಲ್ಲ. ಅತ್ತೆ ಕಟ್ಟಿಕೊಟ್ಟಿದ್ದ ಅರಿಶಿನ ಕುಂಕುಮವನ್ನು ಬಂಡೆಗೆ ಹಚ್ಚೋಣವೆಂದು ಕವರ್ ಬಿಚ್ಚಿದೆ. ಅದು ಸರ್ರನೆ ಹಾರಿ ಕೆಳಗಿನ ಕಾಡಿಗೆ ಬಿತ್ತು. ಯಾರೂ ನೋಡಿರಲಿಲ್ಲ. ನಾನು ಸುಮ್ಮನೆ ಬಂದು ಚಿತ್ರಾನ್ನದ ಡಬ್ಬಿ ತೆಗೆದೆ.

ಇಳಿದ ಮೇಲೆ ಎಣಿಸಿದರೆ ಎರಡೇ. ಎಲ್ಲರೂ ನಿಧಿಯತ್ತ ತಿರುಗಿದರು.

"ಇನ್ನೊಂದು ಎಲ್ಲಿ ಪುಟ್ಟಿ?" ಎಂದರು ಸುಧಾಕರಣ್ಣ.

"ನಂದು ಎರಡೇ ಅಣ್ಣ, ಎರಡೂ ಇದಾವಲ್ಲ." ಹತ್ತು ವರ್ಷದ ಹುಡುಗಿ ಬ್ಯಾಗನ್ನು ನೆಲಕ್ಕೆ ಸುರಿದಳು. ಒದ್ದೆ ಕಾಲುಚೀಲ, ಬಾಚಣಿಗೆ, ಖಾಲಿ ಡಬ್ಬಿ. "ಮಿಸ್, ನೀವೇ ಹೇಳಿ."

"ಆಯ್ತು ಬಿಡು, ಇನ್ನೊಂದ್ಸಲ ಹೀಗ್ ಮಾಡ್ಬೇಡ" ಎಂದೆ.

ಹೇಳೋದು ಆಚಾರ, ಮಾಡೋದು ಅನಾಚಾರ. ಹಾಗೆ ಹೇಳಿದ ಬಾಯಿಗೆ ಏನು ಮಾಡಬೇಕೋ ತಿಳಿಯದು. ವಾಪಸು ಬರುವಾಗ ಮಕ್ಕಳು ಅಂತ್ಯಾಕ್ಷರಿ ಹಾಡಿದರು. ನಿಧಿ ಹಾಡಲಿಲ್ಲ. ನೆಲಮಂಗಲ ದಾಟಿದರೂ ಹಿಂದಿನ ಸೀಟಿನತ್ತ ತಿರುಗಲು ನನಗೆ ಮುಖವಿರಲಿಲ್ಲ.

ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ಅವಳ ಮನೆಗೆ ಹೋಗಿ, ತಾಯಿಯ ಎದುರಿಗೇ, "ಕವರ್ ನಂದು ಕಣೇ ನಿಧಿ. ನಿನ್ನ ಮೇಲೆ ಹಾಕ್ಬಿಟ್ಟೆ, ತಪ್ಪಾಯ್ತು" ಎಂದೆ.

"ಅಯ್ಯೋ ಬಿಡಿ ಮಿಸ್, ಅಷ್ಟಕ್ಕೆಲ್ಲ" ಎಂದು ತಾಯಿ ಕಾಫಿ ತರಲು ಒಳಗೆ ಹೋದರು.

ನಿಧಿ ನನ್ನನ್ನೇ ನೋಡುತ್ತ, "ಅಲ್ಲಿ ಎಲ್ರೂ ಇದ್ರು ಮಿಸ್. ಇಲ್ಲಿ ಯಾರೂ ಇಲ್ವಲ್ಲ" ಎಂದಳು.

ಆದ್ದರಿಂದ ಈ ಪ್ರವಾಸವನ್ನು ಬರೆದದ್ದು ಉಳಿದ ಏಳು ಮಕ್ಕಳಿಗಾಗಿ. ಕವರ್ ನನ್ನದು.