ಇನ್ನೂ ಒಂದೂವರೆ ಕಿಲೋ

ಆ ಬೆಳಿಗ್ಗೆ ನನ್ನ ಹೆಂಡತಿಯ ಬಾಯಿಯ ಹತ್ತಿರ ಬಂದ ಸಕ್ಕರೆ ನೀರನ್ನು ತಡೆದದ್ದು ನನ್ನ ಕೈ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಳಗದಲ್ಲಿ ಈ ಸಂಗತಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದಾರೆ. ಯಾರು ಹೇಳಿದರೂ ಅದರಲ್ಲಿ ನನ್ನ ಕೈ ಬರುವುದಿಲ್ಲ.

ಅವಳಿಗೆ ಅರವತ್ತಾರು. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಕಳೆದ ದೀಪಾವಳಿ ಮುಗಿದ ಮೇಲೆ ಡಾಕ್ಟರು ತೂಕ ಇಳಿಸಲೇಬೇಕು ಎಂದರು. ಆಗ ಎಂಬತ್ತೊಂದು ಕಿಲೋ ಇದ್ದಳು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ, ತೂಕ ಇಳಿದಂತೆ ಗುಳಿಗೆಯನ್ನೂ ಇಳಿಸಬೇಕಾಗುತ್ತದೆ ಎಂದೂ ಹೇಳಿದ್ದರು. ಆ ಎರಡನೆಯ ಮಾತು ನನ್ನ ಕಿವಿಗೆ ಬಿದ್ದಿತ್ತು. ಬೀಳಲಿಲ್ಲ ಎಂದು ನಾನು ಹೇಳಲಾರೆ.

ಧಾರವಾಡ ಬಿಟ್ಟು ಪುಣೆಗೆ ಬಂದಮೇಲೆ ನಾನು ದುಡಿದದ್ದೆಲ್ಲ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಅಳತೆಗೆ ಕೂಡದ ಭಾಗಗಳನ್ನು ಎತ್ತಿ ಪಕ್ಕಕ್ಕಿಡುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಅದೇ ಕೆಲಸವನ್ನು ಹೆಂಡತಿಯ ತಾಟಿನ ಮೇಲೆ ಮಾಡಿದೆ. ಮೂರು ರೊಟ್ಟಿ ಒಂದೂವರೆಯಾಯಿತು. ಅನ್ನ ಒಂದು ಸೌಟು. ಶೇಂಗಾ ಚಟ್ನಿ ಒಂದು ಚಮಚ, ಮೇಲೆ ಎಣ್ಣೆ ಇಲ್ಲ. ಗುಳಿಗೆಗಳನ್ನು ನಾನೇ ಬೆಳಿಗ್ಗೆ ಸಣ್ಣ ಬಟ್ಟಲಲ್ಲಿ ಹಾಕಿ ಕೊಡುತ್ತಿದ್ದೆ. ಪ್ರತಿ ಸೋಮವಾರ ಅವಳು ತೂಕದ ಯಂತ್ರ ಹತ್ತಿದಾಗ ಅಂಕಿಯನ್ನು ನಾನು ಓದುತ್ತಿದ್ದೆ.

ದಿನಾ ಆರು ಗಂಟೆಗೆ ಮನೆಯ ಹಿಂದಿನ ಗುಡ್ಡ ಹತ್ತುತ್ತಿದ್ದೆವು. ಪುಣೆಯವರು ಅದನ್ನು ಟೇಕಡಿ ಎನ್ನುತ್ತಾರೆ. ಮೇಲೆ ಗಣಪತಿಯ ಸಣ್ಣ ಗುಡಿ, ಅದರ ಕಟ್ಟೆಯ ಮೇಲೆ ನನ್ನಂಥ ನಿವೃತ್ತರ ಗುಂಪು. ತೂಕ ಇಳಿದಂತೆಲ್ಲ ಅವರು ಚಪ್ಪಾಳೆ ತಟ್ಟುತ್ತಿದ್ದರು. ಒಮ್ಮೆ ಬೆಳಗಾವಿ ಕಡೆಯ ಹಿರಿಯರೊಬ್ಬರು, "ವೈನಿ, ಇನ್ನ ಎರಡ ತಿಂಗಳಿಗೆ ಲಗ್ನದಾಗಿನ ಕುಪ್ಪಸ ನಿಮಗ ಬರೋಬ್ಬರಿ ಆಗ್ತದ ನೋಡ್ರಿ" ಎಂದರು. "ಮೊದಲ ನಮ್ಮ ಸಾಹೇಬ್ರು ಅದನ್ನ ಅಳದು ಪಾಸ್ ಮಾಡಬೇಕಲ್ರೀ" ಎಂದಳು ಅವಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗ ಮೈ ಉರಿಯುತ್ತದೆ.

ಮೊದಲ ಮೂರು ತಿಂಗಳಿಗೆ ಡಾಕ್ಟರ ಹತ್ತಿರ ಹೋಗಲಿಲ್ಲ. ಎಪ್ಪತ್ತಾರಿತ್ತು. ಎಪ್ಪತ್ತಕ್ಕೆ ಇಳಿಸಿ ಕರೆದುಕೊಂಡು ಹೋಗೋಣ ಎಂದೆ. ಆರು ತಿಂಗಳಿಗೆ ಎಪ್ಪತ್ತೊಂದೂವರೆ. ನಡುವೆ ಎರಡು ಸಲ, ಹನ್ನೊಂದರ ಹೊತ್ತಿಗೆ ಕೈ ನಡುಗುತ್ತವೆ ಎಂದಿದ್ದಳು. ಹಸಿವಿಗೆ ಹಾಗಾಗುತ್ತದೆ, ಮನಸ್ಸು ಗಟ್ಟಿ ಮಾಡಬೇಕು ಎಂದು ನಾನೇ ತೀರ್ಮಾನ ಕೊಟ್ಟೆ. ಒಂದೂವರೆ ಕಿಲೋ ಉಳಿದಿತ್ತು. ಡಾಕ್ಟರ ಮೇಜಿನ ಎದುರು ದುಂಡಗಿನ ಒಂದು ಅಂಕಿ ಇಟ್ಟು, ಶಹಬಾಸ್ ಅನ್ನಿಸಿಕೊಳ್ಳುವ ಆಸೆ ನನಗಿತ್ತು. ಬೇರೆ ಯಾವ ಕಾರಣವೂ ಇರಲಿಲ್ಲ.

ಅವತ್ತು ಸಂಕಷ್ಟಿ. ಅವಳು ಮದುವೆಯಾದಾಗಿನಿಂದ ಸಂಕಷ್ಟಿ ಮಾಡುತ್ತಾಳೆ, ಚಂದ್ರನನ್ನು ನೋಡಿಯೇ ಊಟ. ಹಿಂದೆ ಬೆಳಿಗ್ಗೆ ಒಂದು ಬಟ್ಟಲು ಸಾಬೂದಾಣಿ ಖಿಚಡಿ ತಿನ್ನುತ್ತಿದ್ದಳು. ಇಲ್ಲಿ ಉಪವಾಸವೆಂದರೆ ಹೆಚ್ಚು ಮನೆಗಳಲ್ಲಿ ಅದೇ. ಅದು ಬರೀ ಪಿಷ್ಟ ಎಂದು ನಾನು ಆ ತಿಂಗಳಿನಿಂದ ನಿಲ್ಲಿಸಿದ್ದೆ. ಖಿಚಡಿ ನಿಂತಿತು, ಗುಳಿಗೆ ನಿಲ್ಲಲಿಲ್ಲ. ಗುಳಿಗೆಯ ಬಟ್ಟಲು ಕೊಟ್ಟಾಗ, "ಗುಳಿಗಿ ತಗೊಂಡ್ರ ಉಪಾಸ ಮುರೀತದೇನ್ರಿ?" ಎಂದು ಕೇಳಿದಳು. ಗುಳಿಗೆ ಅನ್ನವಲ್ಲ, ಮುರಿಯುವುದಿಲ್ಲ ಎಂದೆ. ವ್ರತದ ವಿಷಯದಲ್ಲಿ ನನ್ನ ಮಾತು ಸರಿಯಿತ್ತು. ಸಕ್ಕರೆಯಿಲ್ಲದ ಅರ್ಧ ಕಪ್ ಚಹಾದ ಜೊತೆ ನುಂಗಿದಳು.

ಗುಡಿಯ ಹತ್ತಿರ ಬಂದಾಗ ಅವಳ ಹೆಜ್ಜೆ ಓರೆಯಾಗಿ ಬೀಳುತ್ತಿತ್ತು. ತಂಪು ಗಾಳಿಯಿತ್ತು, ಆದರೂ ಕುತ್ತಿಗೆಯಿಂದ ಬೆವರು ಇಳಿದು ಕುಪ್ಪಸ ತೊಯ್ದಿತ್ತು. ಕಟ್ಟೆಗೆ ಒರಗಿ ಕುಳಿತಳು. ಏನಾಯಿತು ಎಂದರೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ನನ್ನ ಗುರುತಿರಲಿಲ್ಲ.

ದಿನಾ ಗುಡ್ಡ ಹತ್ತುವ ಒಬ್ಬ ಮರಾಠಿ ಹೆಣ್ಣುಮಗಳು ಓಡಿ ಬಂದರು. ಅವರ ತಾಯಿಗೂ ಇದೇ ಕಾಯಿಲೆಯಂತೆ. ಗುಡಿಯೊಳಗೆ ಹೋಗಿ ಪ್ರಸಾದದ ಸಕ್ಕರೆಯನ್ನು ತಮ್ಮ ಬಾಟಲಿಯ ನೀರಿಗೆ ಹಾಕಿ ಅಲುಗಾಡಿಸಿ ತಂದರು. ಬಾಟಲಿ ಅವಳ ತುಟಿಯ ಹತ್ತಿರ ಹೋದಾಗ ನಾನು ಅವರ ಮಣಿಕಟ್ಟು ಹಿಡಿದೆ. ಇವಳಿಗೆ ಡಯಾಬಿಟಿಸ್ ಇದೆ, ಸಕ್ಕರೆ ಕೊಡಬಾರದು ಎಂದೆ.

ಆಗ ಇವಳು ತೊದಲುತ್ತ, ನನ್ನನ್ನೇ ಯಾರೋ ದಾರಿಹೋಕ ಎಂಬಂತೆ ನೋಡುತ್ತ ಅಂದಳು: "ಬ್ಯಾಡ್ರಿ. ಮನ್ಯಾಗ ಅವರು ಬೈತಾರ."

ಆ ಹೆಣ್ಣುಮಗಳಿಗೆ ಕನ್ನಡ ತಿಳಿಯಲಿಲ್ಲ. "ಕಾಕಾ, ಬಾಜೂಲಾ ವ್ಹಾ" ಎಂದು ನನ್ನನ್ನು ಮೊಳಕೈಯಿಂದ ಪಕ್ಕಕ್ಕೆ ತಳ್ಳಿ, ಗುಟುಕು ಗುಟುಕಾಗಿ ಕುಡಿಸಿದರು. ಹತ್ತು ನಿಮಿಷವಾಗುವಷ್ಟರಲ್ಲಿ ಇವಳು, ನನ್ನ ಚಪ್ಪಲಿ ಎಲ್ಲಿ ಎಂದು ಕೇಳಿದಳು. ಕೆಳಗೆ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದಾಗ, ಅಷ್ಟು ಸಕ್ಕರೆ ಹೋದ ಮೇಲೂ ಐವತ್ತೆಂಟೇ ಇತ್ತು; ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದಂತೆ. ಈ ಗುಳಿಗೆಯ ಪ್ರಭಾವಕ್ಕೆ ಮತ್ತೆ ಇಳಿಯಬಹುದು ಎಂದು ಮರುದಿನದವರೆಗೆ ಇರಿಸಿಕೊಂಡರು.

ಬಳಗದವರ ಫೋನುಗಳು ಶುರುವಾದವು. ಈ ವಯಸ್ಸಿನಲ್ಲಿ ಡಯಟ್ ಯಾಕೆ ಬೇಕಿತ್ತು, ನಾಲ್ಕು ತುತ್ತು ತಿಂದುಕೊಂಡು ಸುಮ್ಮನಿರಬಾರದಿತ್ತೇ ಎಂದು ಎಲ್ಲರದೂ ಒಂದೇ ರಾಗ. ನಾನು ರೇಗಿದೆ. ತೂಕ ಇಳಿದದ್ದು ತಪ್ಪಲ್ಲ. ಕಂಬಿ ಹಿಡಿಯದೆ ಅವಳು ಮೆಟ್ಟಿಲು ಹತ್ತುವುದನ್ನು ಎಷ್ಟೋ ವರ್ಷಗಳ ಮೇಲೆ ನಾನು ಕಂಡಿದ್ದೆ. ಆದರೆ ಆ ಸಿಟ್ಟು ಅವರ ಮೇಲಿನದಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಮುಂದಿನ ವಾರ ನಮ್ಮ ಡಾಕ್ಟರ ಹತ್ತಿರ ಹೋದೆವು. ಅವರೂ ಬೆಳಗಾವಿಯವರು. ಆರು ತಿಂಗಳು ಯಾಕೆ ಬರಲಿಲ್ಲ ಎಂದು ಕೇಳಿದರು. ಊರಲ್ಲಿ ಇರಲಿಲ್ಲ ಎಂದುಬಿಟ್ಟೆ.

"ಇಲ್ಲೇ ಇದ್ವಿ ಡಾಕ್ಟರ್" ಎಂದಳು ಅವಳು. "ಎಪ್ಪತ್ತ ಆದಮ್ಯಾಲೆ ಬರೋಣು ಅಂದಿದ್ರು ಇವರು. ನಾನೂ ಹೂಂ ಅಂದೆ. ಗುಳಿಗಿ ಎಷ್ಟು, ಯಾವಾಗ, ಉಪಾಸ ಇದ್ರ ಏನು, ಎಲ್ಲಾ ನನಗ ಹೇಳ್ರಿ. ಮೈ ನಂದು."

ಡಾಕ್ಟರು ಒಂದು ಗುಳಿಗೆ ಪೂರ್ತಿ ನಿಲ್ಲಿಸಿದರು, ಇನ್ನೊಂದನ್ನು ಅರ್ಧ ಮಾಡಿದರು. ನಾನು ಚೀಟಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವಳು ಅದನ್ನು ಮಡಚಿ ತನ್ನ ಪರ್ಸಿನಲ್ಲಿ ಹಾಕಿದ್ದಳು.

ನಡೆಯುವುದನ್ನು ಬಿಟ್ಟಿಲ್ಲ. ಏಳೂವರೆಗೆ, ತಿಂಡಿ ತಿಂದ ಮೇಲೆ, ಆ ಮರಾಠಿ ಹೆಣ್ಣುಮಗಳ ಜೊತೆ ಹೋಗುತ್ತಾಳೆ. ತೂಕದ ಯಂತ್ರ ಅವಳ ಕೋಣೆಯಲ್ಲಿದೆ. ಮೊನ್ನೆ ತಡೆಯಲಾರದೆ ಈಗ ಎಷ್ಟಾಗಿದೆ ಎಂದು ಕೇಳಿದೆ.

"ಡಾಕ್ಟರಿಗೆ ಹೇಳೇನಿ" ಎಂದು ಸೊಪ್ಪು ಸೋಸುತ್ತ ಕುಳಿತಳು.